ಕಪಾಟಿನ ಬೀಗ ಮುರಿದ ಶುಕ್ರವಾರ

ಈಶ್ವರಮಂಗಲ
21 ಜುಲೈ 2025

ನೆಕ್ಕರೆಪದವು ಸರಕಾರಿ ಹಿರಿಯ ಪ್ರಾಥಮಿಕ ಶಾಲೆಯ ಪ್ರಭಾರ ಮುಖ್ಯ ಶಿಕ್ಷಕಿ ಭವಿತಾ ಅವರಿಗೆ,

ಕಳೆದ ಶುಕ್ರವಾರ, ಜುಲೈ 18ರಂದು, ಮಧ್ಯಾಹ್ನ ಎರಡು ಇಪ್ಪತ್ತರಿಂದ ಎರಡು ಮೂವತ್ತೆರಡರವರೆಗೆ, ಹನ್ನೆರಡು ವರ್ಷದ ಒಂದು ಹೆಣ್ಣು ಮಗು ನಿಮ್ಮ ಶಾಲೆಯ ಜಗಲಿಯಲ್ಲಿ ಬೆವರಿನಲ್ಲಿ ತೊಯ್ದು ಬಿದ್ದಿತ್ತು. ಅವಳ ರಕ್ತದಲ್ಲಿ ಸಕ್ಕರೆ ಇಳಿದಿತ್ತು. ಅದನ್ನು ಏರಿಸಬೇಕಾದ ಗ್ಲೂಕೋಸ್ ಹುಡಿಯ ಡಬ್ಬಿ ಆಫೀಸು ಕೋಣೆಯ ಕಪಾಟಿನಲ್ಲಿತ್ತು. ಕಪಾಟಿಗೆ ಬೀಗ. ಕೀ ನಿಮ್ಮ ಬ್ಯಾಗಿನಲ್ಲಿ. ನೀವು ಕಡಬದಲ್ಲಿ, ಮೀಟಿಂಗಿನಲ್ಲಿ.

ಆ ಮಗು ಸಮೀಕ್ಷಾ ನನ್ನ ತಂಗಿಯ ಮೊಮ್ಮಗಳು. ಎಪ್ರಿಲ್ ತಿಂಗಳಲ್ಲಿ ಅವಳಿಗೆ ಮಧುಮೇಹವೆಂದು ತಿಳಿಯಿತು. ವಯಸ್ಸಾದವರಿಗೆ ಬರುವಂಥದ್ದಲ್ಲ, ದೇಹ ಇನ್ಸುಲಿನ್ ಮಾಡುವುದನ್ನೇ ನಿಲ್ಲಿಸಿಬಿಡುವ, ಮಕ್ಕಳಲ್ಲಿ ಕಾಣಿಸುವ ಮೊದಲನೇ ವಿಧ. ಊಟಕ್ಕೆ ಮೊದಲು ಸೂಜಿ, ಸೂಜಿಗೆ ತಕ್ಕ ಊಟ. ಇದು ನಿಮಗೆ ಗೊತ್ತಿತ್ತು.

ದೈಹಿಕ ಶಿಕ್ಷಣದ ಮಹೇಶ್ವರ ಮಾಸ್ಟ್ರು ಕೊನೆಗೆ ಕಲ್ಲಿನಿಂದ ಬೀಗ ಒಡೆದು ಡಬ್ಬಿ ತೆಗೆದರಂತೆ. ಜಾಸಿರ್ ಎಂಬ ಆಟೋದವರು ಮಗುವನ್ನು ಆಸ್ಪತ್ರೆಗೆ ಮುಟ್ಟಿಸಿ, ಸಂಜೆವರೆಗೆ ಕಾದು, ಮನೆಗೂ ಬಿಟ್ಟರಂತೆ. ಅವರಿಬ್ಬರಿಗೂ ನಾನು ಕೃತಜ್ಞ. ನಿಮಗೆ ಅಲ್ಲ.

1966ರಲ್ಲಿ ನನ್ನ ತರಗತಿಯಲ್ಲಿ ಪೋಕರ್ ಎಂಬ ಹುಡುಗನಿದ್ದ. ಗಳಿಗೆಗೊಮ್ಮೆ ನೀರು ಕೇಳುತ್ತಿದ್ದ, ಗಳಿಗೆಗೊಮ್ಮೆ ಹೊರಗೆ ಹೋಗಬೇಕೆನ್ನುತ್ತಿದ್ದ. ಮಾಸ್ಟ್ರು ಅವನನ್ನು ಬೆಂಚಿನ ಮೇಲೆ ನಿಲ್ಲಿಸಿದರು. ಮೂರು ವಾರದಲ್ಲಿ ಅವನು ತೀರಿಕೊಂಡ. ಯಾಕೆಂದು ಯಾರಿಗೂ ಗೊತ್ತಾಗಲಿಲ್ಲ. ಇಪ್ಪತ್ತು ವರ್ಷಗಳ ಮೇಲೆ ಒಂದು ವೈದ್ಯಕೀಯ ಪುಸ್ತಕ ಓದುವಾಗ ಅದು ಇದೇ ಕಾಯಿಲೆಯೆಂದು ನನಗೆ ಗೊತ್ತಾಯಿತು. ಆಗ ಅಜ್ಞಾನವಿತ್ತು. ಈಗ ಏನಿದೆ?

ನಾನು ಪುತ್ತೂರಿನಲ್ಲಿ ಮೂವತ್ತೆಂಟು ವರ್ಷ ದಸ್ತಾವೇಜು ಬರೆದವನು. ಬಾಯಿಮಾತಿಗೆ ಬೆಲೆ ಕೊಡುವವನಲ್ಲ, ಫೋನು ಮಾಡುವವನೂ ಅಲ್ಲ. ಬರಹದಲ್ಲಿ ಉತ್ತರ ಕೊಡಿ.

ಇತಿ,
ಸರ್ವೋತ್ತಮ ರೈ


ನೆಕ್ಕರೆಪದವು
26 ಜುಲೈ 2025

ಮಾನ್ಯ ರೈಗಳಿಗೆ ನಮಸ್ಕಾರಗಳು.

ನೀವು ಬರೆದ ಸಮಯಗಳೆಲ್ಲ ಸರಿ ಇವೆ. ಕೀ ನನ್ನ ಬಳಿ ಇತ್ತು. ಹೋಗುವಾಗ ಮಹೇಶ್ವರ ಮಾಸ್ಟ್ರ ಕೈಗೆ ಕೊಟ್ಟು ಹೋಗಬೇಕಿತ್ತು. ಬಸ್ಸು ಬಂತೆಂದು ಓಡಿದೆ. ತಪ್ಪು ನನ್ನದು. ಕ್ಷಮಿಸಬೇಕು.

ಸಮೀಕ್ಷಾ ಸೋಮವಾರದಿಂದ ಶಾಲೆಗೆ ಬಂದಿಲ್ಲ. ಏಳನೇ ತರಗತಿಯಲ್ಲಿ ಇರುವುದೇ ಹದಿನಾಲ್ಕು ಮಕ್ಕಳು, ಒಬ್ಬಳಿಲ್ಲದಿದ್ದರೆ ಕೋಣೆ ಖಾಲಿ ಕಾಣುತ್ತದೆ. ಅವಳು ಹುಷಾರಾಗಿದ್ದರೆ ಕಳಿಸಿಕೊಡಲು ಮನೆಯವರಿಗೆ ದಯವಿಟ್ಟು ಹೇಳಿ.

ತಮ್ಮ ವಿಶ್ವಾಸಿ,
ಭವಿತಾ


ಈಶ್ವರಮಂಗಲ
4 ಆಗಸ್ಟ್ 2025

ಭವಿತಾ ಅವರಿಗೆ,

ಎಂಟು ಸಾಲಿನ ಉತ್ತರ ಮುಟ್ಟಿತು. ಕ್ಷಮೆ ಕೇಳಿದ್ದೀರಿ. ನಾನು ಕೇಳಿದ್ದು ಕಾರಣವನ್ನು.

ಪೆರಾಬೆಯ ಅವರ ಮನೆಗೆ ಹೋಗಿ ಮಗುವನ್ನು ನೋಡಿ ಬಂದೆ. ಹುಷಾರಾಗಿದ್ದಾಳೆ. ಆದರೆ ಶುಕ್ರವಾರದ ವಿಷಯ ಎತ್ತಿದರೆ ಬೆಕ್ಕನ್ನು ಹಿಡಿದುಕೊಂಡು ಹಿತ್ತಿಲಿಗೆ ಹೋಗುತ್ತಾಳೆ. ಅಷ್ಟು ಹೆದರಿಸಿದ್ದೀರಿ ಅವಳನ್ನು.

ನಾನು ಕೂತು ಲೆಕ್ಕ ಹಾಕಿದೆ. ಜೂನ್ ಆರಂಭದಿಂದ ದಿನವೂ ಅದೇ ಪ್ರಮಾಣದ ಸೂಜಿ. ಶಾಲೆಯ ಬಿಸಿಯೂಟದಲ್ಲಿ ದಿನವೂ ಎರಡು ಸೌಟು ಅನ್ನ. ಏಳು ವಾರ ಏನೂ ಆಗಲಿಲ್ಲ. ಆ ಶುಕ್ರವಾರ ಮಾತ್ರ ಸಕ್ಕರೆ ಪಾತಾಳಕ್ಕೆ ಇಳಿದದ್ದು ಹೇಗೆ? ಒಂದೋ ಆಟದ ಪಿರಿಯಡಿನಲ್ಲಿ ಅವಳನ್ನು ಮಿತಿ ಮೀರಿ ಓಡಿಸಿದ್ದೀರಿ, ಅಲ್ಲವಾದರೆ ನನ್ನಿಂದ ಏನೋ ಮುಚ್ಚಿಡುತ್ತಿದ್ದೀರಿ.

ಇನ್ನೊಂದು ಪ್ರಶ್ನೆ. ಮಕ್ಕಳ ಹಾಲಿಗೆ ಹಾಕಲು ಪ್ರತಿ ಶಾಲೆಯ ಅಡಿಗೆ ಕೋಣೆಯಲ್ಲಿ ಸಕ್ಕರೆ ಇರುತ್ತದೆ. ಮಹೇಶ್ವರ ಮಾಸ್ಟ್ರು ಹತ್ತು ಹೆಜ್ಜೆ ನಡೆದು ಒಂದು ಮುಷ್ಟಿ ಸಕ್ಕರೆ ತರುವುದು ಬಿಟ್ಟು ಕಲ್ಲು ಹುಡುಕುತ್ತ ಹೋದದ್ದು ಯಾಕೆ?

ಮಗುವಿನ ತಂದೆ ರಿತೇಶ್ ಟಿ.ಸಿ. ಕೇಳಲು ಬರುವವನಿದ್ದಾನೆ. ಬೇರೆ ಶಾಲೆಗೆ ಸೇರಿಸಲಿಕ್ಕೂ ಧೈರ್ಯವಿಲ್ಲ, ಮನೆಯಲ್ಲೇ ಕೂತು ಓದಲಿ ಎನ್ನುತ್ತಾನೆ. ನಾನು ಬೇಡವೆಂದು ಹೇಳಿಲ್ಲ. ಈ ತಿಂಗಳು ಮುಗಿಯುವುದರೊಳಗೆ ನಿಮ್ಮಿಂದ ಸರಿಯಾದ ಉತ್ತರ ಬಾರದಿದ್ದರೆ ನಿಮ್ಮ ಹೆಸರು ಸಹಿತ ಮೇಲಿನ ಕಚೇರಿಗೆ ದೂರು ಹೋಗುತ್ತದೆ.

ಸರ್ವೋತ್ತಮ ರೈ


ನೆಕ್ಕರೆಪದವು
11 ಆಗಸ್ಟ್ 2025

ಮಾನ್ಯ ರೈಗಳಿಗೆ,

ಸಮೀಕ್ಷಾಳನ್ನು ಆ ದಿನ ಯಾರೂ ಓಡಿಸಿಲ್ಲ. ತ್ರೋಬಾಲ್ ಆಟಕ್ಕೆ ಅಂಕ ಬರೆಯಲು ಕೂರಿಸಿದ್ದರು. ಅವಳು ಬರೆದ ಹಾಳೆ ನನ್ನ ಹತ್ತಿರ ಇದೆ. ಹನ್ನೊಂದನೇ ಅಂಕದವರೆಗೆ ಅಕ್ಷರ ಚೆನ್ನಾಗಿದೆ. ಆಮೇಲೆ ಗೆರೆಯಿಂದ ಜಾರಿ ಕೆಳಗೆ ಹೋಗಿದೆ. ಆಗಲೇ ಯಾರಾದರೂ ನೋಡಿದ್ದರೆ ಎಂದು ದಿನಕ್ಕೆ ಹತ್ತು ಸಲ ಅಂದುಕೊಳ್ಳುತ್ತೇನೆ.

ಅಡಿಗೆ ಕೋಣೆಯ ಸಕ್ಕರೆಯ ವಿಷಯ ಕೇಳಿದ್ದೀರಿ. ಮುಚ್ಚಿಡುತ್ತಿದ್ದೇನೆ ಎಂದು ನೀವು ಬರೆದದ್ದು ನಿಜ. ಒಂದು ಸಂಗತಿ ನನಗೂ ಮಹೇಶ್ವರ ಮಾಸ್ಟ್ರಿಗೂ ಗೊತ್ತಿದೆ. ಅದನ್ನು ಕಾಗದದಲ್ಲಿ ಬರೆದರೆ ಕೆಲಸ ಹೋಗುವುದು ನನ್ನದಲ್ಲ. ಹಾಗಾಗಿ ಬರೆಯುವುದಿಲ್ಲ. ನನ್ನ ಹೆಸರಿನಲ್ಲಿ ದೂರು ಕೊಡಿ, ನಾನು ತಡೆಯುವುದಿಲ್ಲ.

ಇಲ್ಲಿಗೆ ಈಗಾಗಲೇ ಮೇಲಿನ ಕಚೇರಿಯಿಂದ ಒಂದು ನೋಟಿಸು ಬಂದಿದೆ. 'ಶಾಲಾ ಆಸ್ತಿಯಾದ ಕಪಾಟಿನ ಬೀಗವನ್ನು ಅನುಮತಿಯಿಲ್ಲದೆ ಒಡೆದಿರುವ ಬಗ್ಗೆ ವಿವರಣೆ ನೀಡುವುದು.' ಕೊನೆವರೆಗೆ ಓದಿದೆ. ಮಗುವಿನ ವಿಷಯ ಒಂದು ಸಾಲೂ ಇಲ್ಲ. ಮಹೇಶ್ವರ ಮಾಸ್ಟ್ರು ಓದಿ, "ಟೀಚರ್, ಮುಂದಿನ ಸಲ ಅನುಮತಿ ಬರುವವರೆಗೆ ಕಲ್ಲು ಕೈಯಲ್ಲಿ ಹಿಡ್ಕೊಂಡು ನಿಲ್ತೇನೆ" ಅಂದರು. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ರೈಗಳೇ, ಟಿ.ಸಿ. ಮಾತ್ರ ಕೇಳಬೇಡಿ. ಕೇಳಿದರೆ ನಾನು ಕೊಡಲೇಬೇಕಾಗುತ್ತದೆ. ಅವಳ ಪಕ್ಕದಲ್ಲಿ ಕೂರುವ ಸುರಕ್ಷಾ ಬೆಂಚಿನ ಅರ್ಧ ಭಾಗಕ್ಕೆ ಚೀಲ ಇಟ್ಟು ಯಾರನ್ನೂ ಕೂರಲು ಬಿಡುತ್ತಿಲ್ಲ.

ಭವಿತಾ


ಈಶ್ವರಮಂಗಲ
29 ಆಗಸ್ಟ್ 2025

ಪ್ರೀತಿಯ ಭವಿತಾ ಟೀಚರಿಗೆ,

ಹದಿನೆಂಟು ದಿನ ನಾನು ಸುಮ್ಮನಿದ್ದದ್ದನ್ನು ನೀವು ಕೋಪವೆಂದು ತಿಳಿದಿರಬಹುದು. ಮೊದಲ ಹದಿಮೂರು ದಿನ ಅದು ಕೋಪವೇ. ಆಮೇಲಿನದು ನಾಚಿಕೆ.

ಕಳೆದ ಆದಿತ್ಯವಾರ ಬೆಳಿಗ್ಗೆ ಹತ್ತು ಗಂಟೆಗೆ ಒಬ್ಬ ಹೆಂಗಸು ನಮ್ಮ ಅಂಗಳಕ್ಕೆ ಬಂದಳು. ಕೈಯಲ್ಲಿ ಚೀಲ, ಚೀಲದಲ್ಲಿ ನಾಲ್ಕು ಮುಳ್ಳುಸೌತೆ. ನಿಮ್ಮ ಶಾಲೆಯ ಅಡಿಗೆಯ ಸೀತು. ಮೂರು ಬಸ್ಸು ಬದಲಿಸಿ ಬಂದಿದ್ದಳು. ಜಗಲಿ ಹತ್ತದೆ ಕೆಳಗೇ ನಿಂತು ಹೇಳಿದಳು:

"ಧನಿಗಳೇ, ನನ್ನನ್ನು ಪೊಲೀಸರಿಗೆ ಕೊಡುದಾದ್ರೆ ಇವತ್ತೇ ಕೊಡಿ. ನಾಳೆ ಸೋಮವಾರ, ಮಕ್ಕಳಿಗೆ ಅಡಿಗೆ ಆಗ್ಬೇಕು."

"ಧನಿ ಅನ್ನುವ ಕಾಲ ಹೋಯ್ತು. ಮೇಲೆ ಬಂದು ಕೂತ್ಕೊಳ್ಳಿ" ಅಂದೆ.

"ಕಾಲ ಹೋದ್ರೂ ನಿಮ್ಮ ಕುರ್ಚಿ ಹಾಗೇ ಉಂಟಲ್ಲ ಮಾರಾಯ್ರೆ" ಅಂದಳು. ಆದರೂ ಬಂದು ಕೂತಳು.

ಅವಳು ತುಳುವಿನಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಒಂದು ಮಾತೂ ಕೂಡಿಸಿಲ್ಲ.

"ಗುರುವಾರ ಆಫೀಸಿಗೆ ಚಾ ತಗೊಂಡು ಹೋದಾಗ ನೋಡಿದೆ, ಮಗು ಹೊಟ್ಟೆಗೆ ಸೂಜಿ ಚುಚ್ಚಿಕೊಳ್ತಾ ಉಂಟು. ನನ್ನ ಗಂಡ ಚುಚ್ಚಿಕೊಳ್ಳುದೂ ಹಾಗೇ. ಸಕ್ಕರೆ ಕಾಯಿಲೆಯಲ್ಲಿ ಅವರ ಕಾಲಿನ ಎರಡು ಬೆರಳು ತೆಗ್ದಿದ್ದಾರೆ. ಡಾಕ್ಟರು ಹೇಳಿದ್ದು, ಅನ್ನ ಕಮ್ಮಿ ಮಾಡಿ, ಸಕ್ಕರೆ ಮುಟ್ಟಲೇಬೇಡಿ ಅಂತ. ಇಷ್ಟು ದಿನ ಎರಡೆರಡು ಸೌಟು ಅನ್ನ ಹಾಕಿ ಈ ಮಗುವಿನ ಕಾಲನ್ನೂ ನಾನೇ ತೆಗೀತಾ ಇದ್ದೇನಲ್ಲ ಅಂತ ಕಂಡಿತು. ಶುಕ್ರವಾರ ಒಂದೇ ಸೌಟು ಹಾಕಿದೆ. ಬಸಳೆ ಜಾಸ್ತಿ ಹಾಕಿದೆ. 'ಸೀತಕ್ಕ, ಇನ್ನೊಂದು ಸೌಟು' ಅಂತು. 'ಬೇಡ ಮಗಾ, ನಿಂಗೆ ಆಗ್ಲಿಕ್ಕಿಲ್ಲ' ಅಂದೆ. ಹಿಂದೆ ನಿಂತ ಮಕ್ಕಳನ್ನು ಒಮ್ಮೆ ನೋಡಿತು, ಸುಮ್ಮನೆ ಹೋಯ್ತು."

ಸೂಜಿ ಎರಡು ಸೌಟು ಅನ್ನಕ್ಕೆ ತಕ್ಕದ್ದು. ತಿಂದದ್ದು ಒಂದು ಸೌಟು. ನನ್ನ ಲೆಕ್ಕ ತಪ್ಪಿದ್ದು ಅಲ್ಲಿ.

"ಆಮೇಲೆ ಮಾಸ್ಟ್ರು ಓಡಿ ಬಂದು ಸಕ್ಕರೆ ಕೊಡಿ ಅಂದ್ರು. ಯಾರಿಗೆ ಅಂದೆ. ಸಮೀಕ್ಷನಿಗೆ ಅಂದ್ರು. ನಾನು ಡಬ್ಬಿ ಅಪ್ಪಿಕೊಂಡು ಬಾಗಿಲಿಗೆ ಅಡ್ಡ ನಿಂತೆ. 'ಮಾಸ್ಟ್ರೆ, ನಿಮಗೆ ಮಂಡೆ ಸಮ ಉಂಟಾ? ಅದನ್ನು ಕೊಲ್ಲುದಾ?' ಅಂತ ಬೈದೆ. ಅವರು ನನ್ನನ್ನು ದೂಡ್ಬಹುದಿತ್ತು. ದೂಡ್ಲಿಲ್ಲ. ತಿರುಗಿ ಓಡಿ ಕಲ್ಲು ಹೆಕ್ಕಿದ್ರು. ಟೀಚರು, ಮಾಸ್ಟ್ರು ಯಾರಿಗೂ ನನ್ನ ಹೆಸರು ಹೇಳ್ಲಿಲ್ಲ. ನೀವು ಟೀಚರ ಮೇಲೆ ಕಂಪ್ಲೇಂಟ್ ಕೊಡ್ತೀರಿ ಅಂತ ಜಾಸಿರ್ ಹೇಳಿದ. ಅದಕ್ಕೆ ಬಂದೆ. ಬರೆಯುದಾದ್ರೆ ನನ್ನ ಹೆಸರು ಬರೀರಿ."

ಅವಳು ಏಳುತ್ತ ಒಂದು ಮಾತು ಹೇಳಿದಳು:

"ಒಂದು ಮಾತು ಯಾರಾದ್ರೂ ಹೇಳಿದ್ರೆ ಆಗ್ತಿತ್ತು. ನಾನೇ ಸಕ್ಕರೆ ತಿನ್ನಿಸ್ತಿದ್ದೆ. ನನಗೆ ಯಾಕೆ ಯಾರೂ ಹೇಳ್ಲಿಲ್ಲ?"

ಅದೇ ಸರಿಯಾದ ಪ್ರಶ್ನೆ ಎನಿಸಿತು. ಅಡಿಗೆಯವಳಿಗೆ ಹೇಳದೆ ಇದ್ದವರು ಯಾರು? ನೀವೇ ಎಂದು ತೀರ್ಮಾನಿಸಿ, ದೂರಿನಲ್ಲಿ ತಾರೀಕು ಸಹಿತ ಬರೆಯೋಣವೆಂದು ಪತ್ರಗಳ ಫೈಲು ತೆಗೆದೆ. ಬರೆದ ಪ್ರತಿಯೊಂದು ಕಾಗದದ ನಕಲನ್ನು ಇಟ್ಟುಕೊಳ್ಳುವವನು ನಾನು. ಮೇ 30ರಂದು ನಿಮಗೆ ಬರೆದ ಪತ್ರದ ನಕಲು ಮೇಲೆಯೇ ಇತ್ತು. ನೀವು ಓದಿದ್ದೀರಿ. ಆದರೂ ಇಲ್ಲಿ ನನ್ನ ಕೈಯಿಂದ ಇನ್ನೊಮ್ಮೆ ಬರೆಯಬೇಕು:

'ಈ ವಿಷಯ ತಮಗೂ ಇನ್ನೊಬ್ಬ ಶಿಕ್ಷಕರಿಗೂ ಹೊರತು ಯಾರಿಗೂ ತಿಳಿಯಕೂಡದು. ಹೆಣ್ಣು ಮಗು, ನಾಳೆ ಸಂಬಂಧ ಕೂಡಿಬರುವಾಗ ತೊಂದರೆಯಾದೀತು. ಔಷಧಿ, ಗ್ಲೂಕೋಸ್ ಇತ್ಯಾದಿ ಅಡಿಗೆಯವರ ಮತ್ತು ಮಕ್ಕಳ ಕಣ್ಣಿಗೆ ಬೀಳದಂತೆ ಬೀಗದೊಳಗೆ ಇರತಕ್ಕದ್ದೆಂದು ಕುಟುಂಬದ ಪರವಾಗಿ ಕೋರುತ್ತೇನೆ. ಸರ್ವೋತ್ತಮ ರೈ.'

1966ರ ಪೋಕರನ ನೆನಪಿರುವ ನನಗೆ ಎರಡು ತಿಂಗಳ ಹಿಂದಿನ ನನ್ನ ಪತ್ರ ನೆನಪಿರಲಿಲ್ಲ. ಆ ಕಪಾಟಿಗೆ ಬೀಗ ಹಾಕಿಸಿದವನು ನಾನು. ಮಗುವಿನ ಬಾಯಿಗೂ ಸೀತುವಿನ ಕಿವಿಗೂ ನಡುವೆ ಗೋಡೆ ಕಟ್ಟಿದವನು ನಾನು. ಮಗು ಸೀತುವಿಗೆ, "ನನಗೆ ಸೂಜಿ ಆಗಿದೆ, ಎರಡು ಸೌಟು ಬೇಕು" ಎಂದು ಹೇಳಲಾಗದೆ ಸುಮ್ಮನೆ ಹೋದದ್ದು ಕೂಡ ನಾವು ಮನೆಯಲ್ಲಿ ಅವಳ ಬಾಯಿ ಕಟ್ಟಿದ್ದಕ್ಕೆ.

ಟೀಚರ್, ನನ್ನ ಮೊದಲ ಪತ್ರ ಸಿಕ್ಕಿದ ದಿನವೇ ಆ ಪತ್ರದ ಝೆರಾಕ್ಸ್ ತೆಗೆದು ಒಂದು ಸಾಲೂ ಬರೆಯದೆ ನನಗೆ ಕಳಿಸಬಹುದಿತ್ತು. ನನ್ನ ಬಾಯಿ ಅಲ್ಲಿಗೇ ಮುಚ್ಚುತ್ತಿತ್ತು. ನೀವು, "ಕೀ ನನ್ನ ಬಳಿ ಇತ್ತು" ಎಂದು ಬರೆದಿರಿ. ಎಂಟು ಸಾಲೆಂದು ನಾನು ಹಂಗಿಸಿದ ಆ ಪತ್ರದಲ್ಲಿ ನೀವು ಬರೆಯದೆ ಬಿಟ್ಟದ್ದು ಎಷ್ಟು ಎಂದು ಈಗ ತಿಳಿಯುತ್ತಿದೆ. ಕ್ಷಮಿಸಿ ಎನ್ನಲು ಮುಖವಿಲ್ಲ. ಉಪಕಾರವಾಯಿತು ಎಂದಾದರೂ ಹೇಳುತ್ತೇನೆ. ನಿಮಗೆ, ಮಹೇಶ್ವರ ಮಾಸ್ಟ್ರಿಗೆ, ಎಲ್ಲರಿಗಿಂತ ಮೊದಲು ಸೀತುವಿಗೆ. ಆ ಮಗುವಿನ ಕಾಲಿನ ಬಗ್ಗೆ ಯೋಚಿಸಿದವರು ಊರಿನಲ್ಲಿ ಅವಳೊಬ್ಬಳೇ. ಔಷಧಿ ತಿಳಿಯದೆ ಪ್ರೀತಿ ಮಾಡಿದಳು. ನಾನು ಆರು ಪುಸ್ತಕ ಓದಿ ಬೀಗ ಹಾಕಿಸಿದೆ.

ಚೌತಿಯ ಮರುದಿನ ಪೆರಾಬೆಗೆ ಹೋದೆ. ರಿತೇಶನಿಗೆ ಎಲ್ಲ ಹೇಳಿದೆ. ಅವನು, "ಎಲ್ಲರಿಗೂ ಗೊತ್ತಾಗ್ತದಲ್ಲ ಮಾವ?" ಅಂದ. "ಯಾರಿಗೂ ಗೊತ್ತಿಲ್ಲದೆ ಇದ್ದದ್ದಕ್ಕೇ ಅವಳು ಬಿದ್ದದ್ದು" ಅಂದೆ. ಅವನ ಹೆಂಡತಿ ಮೊದಲ ಬಾರಿಗೆ ಬಾಯಿ ಬಿಟ್ಟಳು: "ಮದುವೆ ಆಗುವವನಿಗೆ ಸೂಜಿ ಹೆದರಿಕೆಯಾದ್ರೆ ಅವನು ಬರುದೇ ಬೇಡ."

ಬಾಗಿಲ ಹಿಂದೆ ನಿಂತಿದ್ದ ಸಮೀಕ್ಷಾ ಬಂದು, "ಅಜ್ಜ, ಸೀತಕ್ಕನಿಗೆ ಬೈದ್ರಾ?" ಎಂದು ಕೇಳಿದಳು.

"ಇಲ್ಲ."

"ಮತ್ತೆ ಬೈಲಿಕ್ಕಿದೆಯಾ?"

"ಇಲ್ಲ ಮಗಾ."

"ಹಾಗಾದ್ರೆ ಶಾಲೆಗೆ ಹೋಗ್ತೇನೆ."

ಹೆದರಿದ್ದಾಳೆಂದು ನಾನು ಬರೆದಿದ್ದೆ. ಆರು ವಾರ ಬಾಯಿ ಬಿಡದೆ ಅವಳು ಕಾಪಾಡುತ್ತಿದ್ದದ್ದು ಸೀತುವಿನ ಕೆಲಸವನ್ನು.

ಸೋಮವಾರ ಬರುತ್ತಾಳೆ. ಯಾರಿಗೆ ಏನು ಹೇಳಬೇಕೋ ಅದನ್ನು ಅವಳೇ ಹೇಳುತ್ತಾಳಂತೆ.

ನಿಮ್ಮ,
ಸರ್ವೋತ್ತಮ ರೈ


ನೆಕ್ಕರೆಪದವು
15 ಸೆಪ್ಟೆಂಬರ್ 2025

ರೈಗಳಿಗೆ ಗೌರವಪೂರ್ವಕ ನಮಸ್ಕಾರಗಳು.

ಆ ಮೇ ತಿಂಗಳ ಪತ್ರವನ್ನು ನಾನು ಕಳಿಸದಿದ್ದದ್ದು ದೊಡ್ಡ ಗುಣದಿಂದಲ್ಲ. ನೀವು ಬೀಗ ಹಾಕಿ ಎಂದಿರಿ, ನಾನು ಯೋಚಿಸದೆ ಹಾಕಿದೆ. ಒಂದನೇ ತರಗತಿಯ ಮಕ್ಕಳು ಗ್ಲೂಕೋಸ್ ಹುಡಿಯನ್ನು ನೆಕ್ಕಿ ಮುಗಿಸುತ್ತಾರೆಂಬ ಹೆದರಿಕೆಯೂ ಇತ್ತು. ಬೇಡವೆನ್ನುವ ಅಧಿಕಾರ ನನಗಿತ್ತು. ಅರ್ಧ ತಪ್ಪು ನನಗೆ ಬಿಡಿ, ಎಲ್ಲವನ್ನೂ ನೀವೇ ತೆಗೆದುಕೊಳ್ಳಬೇಡಿ.

ಒಂದನೇ ತಾರೀಕು, ಸೋಮವಾರ ಬೆಳಿಗ್ಗೆ, ಸಮೀಕ್ಷಾ ಪ್ರಾರ್ಥನೆಯ ನಂತರ ತಾನೇ ಎದುರು ಬಂದು ನಿಂತಳು. ಸೂಜಿಯ ಪೆನ್ನು ಎತ್ತಿ ತೋರಿಸಿದಳು. "ಇದು ಊಟಕ್ಕೆ ಮೊದಲು. ಆಮೇಲೆ ನಾನು ಬೆವರಿದ್ರೆ, ಅಥವಾ ಕೇಳಿದ್ದಕ್ಕೆ ಎಂತೆಂತದೋ ಉತ್ತರ ಕೊಟ್ರೆ, ಗ್ಲೂಕೋಸ್ ಕೊಡಿ. ಎಚ್ಚರ ಇಲ್ಲದಿದ್ರೆ ಬಾಯಿಗೆ ಎಂತದೂ ಹಾಕ್ಬೇಡಿ, ಆಸ್ಪತ್ರೆಗೆ ಕೊಂಡು ಹೋಗಿ" ಅಂದಳು. ಐದನೆಯ ತರಗತಿಯ ಹರ್ಷಿತ್ ಕೈ ಎತ್ತಿ, "ಅಕ್ಕ, ಗಣಿತದಲ್ಲಿ ತಪ್ಪು ಉತ್ತರ ಕೊಟ್ರೂ ಗ್ಲೂಕೋಸಾ?" ಎಂದು ಕೇಳಿದ. ಹಾಗಾದರೆ ತನಗೆ ದಿನಾ ಬೇಕೆಂದು ಇನ್ನೊಬ್ಬ. ಸಮೀಕ್ಷಾ ನಗುತ್ತ ಕೂತುಬಿಟ್ಟಳು. ನಾನು ಅಡಿಗೆ ಕೋಣೆಯ ಕಡೆ ನೋಡಿದೆ. ಸೀತಕ್ಕ ಬಾಗಿಲಲ್ಲಿ ನಿಂತು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದರು.

ಈಗ ಗ್ಲೂಕೋಸ್ ನಾಲ್ಕು ಕಡೆ ಉಂಟು. ಆಫೀಸಿನ ಮೇಜಿನ ಮೇಲೆ, ಏಳನೇ ತರಗತಿಯ ಕಿಟಕಿಯಲ್ಲಿ, ಮಹೇಶ್ವರ ಮಾಸ್ಟ್ರ ಚೀಲದಲ್ಲಿ, ಸೀತಕ್ಕನ ಮಸಾಲೆ ಡಬ್ಬಿಗಳ ಪಕ್ಕದಲ್ಲಿ. ಜಾಸಿರ್ ಯಾರೂ ಹೇಳದೆಯೇ ಒಂದು ಪೊಟ್ಟಣವನ್ನು ಆಟೋದಲ್ಲಿ ಇಟ್ಟುಕೊಂಡಿದ್ದಾನೆ. ಕಡಬ ಆಸ್ಪತ್ರೆಯ ನರ್ಸ್ ಒಬ್ಬರು ಶನಿವಾರ ಬಂದು ನಮಗೆಲ್ಲ ಎರಡು ಗಂಟೆ ಹೇಳಿಕೊಟ್ಟರು. ಹೆಚ್ಚು ಪ್ರಶ್ನೆ ಕೇಳಿದ್ದು ಸೀತಕ್ಕ. ನನ್ನ ಗಂಡನದ್ದೂ ಈ ಮಗುವಿನದ್ದೂ ಒಂದೇ ಹೆಸರಿನ ಕಾಯಿಲೆ, ಎರಡು ದಾರಿ ಯಾಕೆ ಎಂದು ಕೇಳಿ ಕೇಳಿ ಅರ್ಥ ಮಾಡಿಕೊಂಡರು. ಈಗ ಬಡಿಸುವಾಗ ಎರಡನೇ ಸೌಟು ಬೀಳುವವರೆಗೆ ಸಮೀಕ್ಷಾಳ ತಟ್ಟೆ ಬಿಡುವುದಿಲ್ಲ. ಹಸಿವಿಲ್ಲ ಎಂದರೆ, "ಸೂಜಿ ಆಗಿದೆಯಲ್ಲ, ಅದಕ್ಕೆ ಹಸಿವು ಉಂಟು, ತಿನ್ನು" ಎನ್ನುತ್ತಾರೆ.

ಮೊನ್ನೆ ಹತ್ತನೇ ತಾರೀಕು ಉಕ್ತಲೇಖನ ಬರೆಸುತ್ತಿದ್ದೆ. ಸುರಕ್ಷಾ ಎದ್ದು ನಿಂತು, "ಟೀಚರ್, ಸಮೀಕ್ಷನ ಅಕ್ಷರ ಗೆರೆ ಬಿಟ್ಟು ಹೋಗ್ತಾ ಉಂಟು" ಅಂದಳು. ಅಷ್ಟು ಹೊತ್ತಿಗೆ ಕಿಟಕಿಯ ಡಬ್ಬಿ ಅವಳ ಕೈಯಲ್ಲಿತ್ತು. ಹದಿನೈದು ನಿಮಿಷದಲ್ಲಿ ಸಮೀಕ್ಷಾ ಸರಿಯಾದಳು, ಮತ್ತೆ ಬರೆದಳು. ಮೊದಲ ಪತ್ರದಲ್ಲಿ ನೀವು ನಿಮಿಷಗಳನ್ನು ಲೆಕ್ಕ ಹಾಕಿದ್ದಿರಿ. ಈ ಸಲ ಸುರಕ್ಷಾ ನೋಡಿದ್ದಕ್ಕೂ ಗ್ಲೂಕೋಸ್ ಬಾಯಿಗೆ ಬಿದ್ದದ್ದಕ್ಕೂ ನಡುವೆ ಒಂದು ನಿಮಿಷವೂ ಇರಲಿಲ್ಲ.

ಒಂದೇ ಚಿಂತೆ. ಬೀಗದ ನೋಟಿಸಿಗೆ ಜ್ಞಾಪನ ಬಂದಿದೆ. ಏಳು ದಿನದೊಳಗೆ ವಿವರಣೆ ಕೊಡಬೇಕು. ನಿಜ ಬರೆದರೆ ಸೀತಕ್ಕನ ಹೆಸರು ಬರುತ್ತದೆ, ಅಡಿಗೆಯವರನ್ನು ತೆಗೆಯಲು ಒಂದು ಸಾಲು ಸಾಕು. ಬರೆಯದಿದ್ದರೆ ಮಹೇಶ್ವರ ಮಾಸ್ಟ್ರು ಆಸ್ತಿ ಹಾಳು ಮಾಡಿದವರಾಗುತ್ತಾರೆ. ದಸ್ತಾವೇಜು ಬರೆದವರು ನೀವು. ಹೇಗೆ ಬರೆಯಲಿ?

ನಿಮ್ಮ,
ಭವಿತಾ


ಈಶ್ವರಮಂಗಲ
18 ಸೆಪ್ಟೆಂಬರ್ 2025

ಪ್ರೀತಿಯ ಭವಿತಾ ಟೀಚರಿಗೆ,

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಹರ್ಷಿತನ ಪ್ರಶ್ನೆಯನ್ನು ನನ್ನ ಹೆಂಡತಿಗೂ ಓದಿ ಹೇಳಿದೆ. ಸುರಕ್ಷಾಳಿಗೆ ನನ್ನ ಪರವಾಗಿ ಏನು ಹೇಳಬೇಕೋ ನನಗೆ ಗೊತ್ತಿಲ್ಲ, ನೀವೇ ಹೇಳಿ. ಈ ಎಪ್ಪತ್ತು ದಾಟಿದ ಮೇಲೆ ಇಷ್ಟು ಜನರಿಗೆ ಒಟ್ಟಿಗೆ ಋಣಿಯಾಗಿರುವ ಭಾಗ್ಯ ಬರುತ್ತದೆಂದು ನಾನು ಎಣಿಸಿರಲಿಲ್ಲ.

ನೋಟಿಸಿಗೆ ನೀವು ಎರಡೇ ಸಾಲು ಬರೆಯಿರಿ: 'ಮಗುವಿನ ಜೀವ ಉಳಿಸಲು ಬೀಗ ಒಡೆಯಲಾಯಿತು. ಬೀಗ ಹಾಕಿಸಿದವರ ಹೇಳಿಕೆ ಲಗತ್ತಿಸಿದೆ.' ನೋಟಿಸು ಕಳಿಸಿದ ಆ ಕಚೇರಿಗೆ ಬರೆದ ನನ್ನ ಹೇಳಿಕೆ ಈ ಲಕೋಟೆಯಲ್ಲಿದೆ. ಅಡಿಗೆ ಕೋಣೆಯ ಮಾತು ಅದರಲ್ಲಿಲ್ಲ, ಇರಬೇಕಾಗಿಯೂ ಇಲ್ಲ. ತಿಳಿಸದೆ ಇಟ್ಟವರದ್ದು ತಪ್ಪು, ತಿಳಿಯದೆ ಇದ್ದವರದ್ದಲ್ಲ. ಮಗುವಿನ ಹೆಸರು ಬರೆಯಲೇ ಎಂದು ಅವಳನ್ನೇ ಕೇಳಿದೆ. "ಇನಿಷಿಯಲ್ ಸಮೇತ ಬರೀರಿ" ಅಂದಳು. ಒಂದು ಪ್ರತಿಯನ್ನು ಪಂಚಾಯತಿಗೂ ಕಳಿಸಿದ್ದೇನೆ. ಅಕ್ಟೋಬರಿನ ಗ್ರಾಮಸಭೆಯಲ್ಲಿ ನಾನೇ ಎದ್ದು ಓದುತ್ತೇನೆ. ಕೊನೆಯ ಭಾಗ ಹೀಗಿದೆ:

'ಜುಲೈ 18ರಂದು ಒಡೆದ ಬೀಗವನ್ನು ಹಾಕಿಸಿದವನು ನಾನು, ಸರ್ವೋತ್ತಮ ರೈ, ಮೇ 30ರ ನನ್ನ ಪತ್ರದ ಮೂಲಕ. ಮೊಮ್ಮಗಳ ಕಾಯಿಲೆಯನ್ನು ಮರೆಮಾಡಿದ್ದು ನನ್ನ ತಪ್ಪು. ಅದನ್ನು ಊರಿನೆದುರು ಒಪ್ಪಿಕೊಳ್ಳುತ್ತೇನೆ. ಆ ಶಾಲೆಯವರು ಅವಳನ್ನು ಉಳಿಸಿಕೊಂಡರು, ಮತ್ತೆ ಕರೆಸಿಕೊಂಡರು. ಅವರಿಗೆ ನನ್ನ ಕುಟುಂಬ ಋಣಿ.

ನನ್ನ ಉತ್ತರ ಮುಗಿಯಿತು. ಇನ್ನು ತಮ್ಮದು. ತಾವು ಒಂದು ಬೀಗದ ಬಗ್ಗೆ ಎರಡು ಸಲ ಬರೆದಿದ್ದೀರಿ. ಒಂದು ಮಗುವಿನ ಬಗ್ಗೆ ಒಮ್ಮೆಯೂ ಬರೆದಿಲ್ಲ. ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ಶಾಲೆಗಳಲ್ಲಿ ದಿನವೂ ಸೂಜಿ ಚುಚ್ಚಿಕೊಳ್ಳುವ ಮಕ್ಕಳು ಎಷ್ಟು ಮಂದಿ? ಮಂಡೆಕೋಲಿನಲ್ಲಿರಲಿ, ಈಶ್ವರಮಂಗಲದಲ್ಲಿರಲಿ, ಅವರಲ್ಲಿ ಪ್ರತಿಯೊಬ್ಬರ ಶಾಲೆಯಲ್ಲಿ ಸಕ್ಕರೆ ಇಳಿದಾಗ ಏನು ಮಾಡಬೇಕೆಂದು ತಿಳಿದಿರುವ ದೊಡ್ಡವರು ಯಾರು? ಶಿಕ್ಷಕರಿಗೂ ಅಡಿಗೆಯವರಿಗೂ ಅದನ್ನು ಯಾವ ತಾರೀಕಿನಂದು ಕಲಿಸಿದಿರಿ, ಕಲಿಸದಿದ್ದರೆ ಯಾವ ತಾರೀಕಿನಂದು ಕಲಿಸುತ್ತೀರಿ? ಉತ್ತರವನ್ನು ನನ್ನ ವಿಳಾಸಕ್ಕೆ ಅಂಚೆಯಲ್ಲಿ ಕಳಿಸಬೇಡಿ. ಗ್ರಾಮಸಭೆಗೆ ಬಂದು, ತಂದೆತಾಯಂದಿರು ಕೂತಿರುವಾಗ, ಮೈಕಿನ ಮುಂದೆ ನಿಂತು ಹೇಳಿ.'